ತೂಬು ಮುಚ್ಚಿದೆನಾ?

ಮಲ್ಲತ್ತಹಳ್ಳಿ
8-1-1955

ಚಿ. ಸೌ. ಲಿಂಗಮ್ಮನಿಗೆ ಅಣ್ಣ ಅಂಜಿನಯ್ಯನ ಆಶೀರ್ವಾದ.

ನಾವೆಲ್ಲ ಕ್ಷೇಮ ಅಂತ ಮೊದಲು ಬರೀಬೇಕಂತೆ. ಬರೆದಿದೀನಿ ಅಂದ್ಕೋ. ನಾನು ಮೂರನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಅಪ್ಪನ ಹಿಂದೆ ಕೆರೆಗೆ ಹೋದವನು. ನಿನ್ನ ಹಾಗೆ ಗುಂಡಗೆ ಬರೆಯೋಕೆ ಬರಲ್ಲ. ನಗಬೇಡ.

ಕಾರ್ತಿಕದಲ್ಲಿ ಕೆರೆ ಕೋಡಿ ಬಿತ್ತು. ಈಗ ತೂಬಿನ ಕಲ್ಲಲ್ಲಿ ಹದಿನಾಲ್ಕು ಗೆರೆ ನೀರು ನಿಂತಿದೆ. ಆ ಧೈರ್ಯದ ಮೇಲೆ ಊರವರೆಲ್ಲ ಬೇಸಿಗೆ ಭತ್ತಕ್ಕೆ ಒಟ್ಲು ಬಿಟ್ಟು ಸಸಿ ಎಬ್ಬಿಸ್ತಿದಾರೆ. ನಾಲ್ಕು ದಿನಕ್ಕೊಂದು ಸಲ ತೂಬು ತೆಗೆದು ಗದ್ದೆಗೆ ನೀರು ಬಿಡೋದು, ಸಂಜೆಗೆ ಮುಚ್ಚೋದು. ನೀರುಗಂಟಿ ಕೆಲಸ ಅಂದ್ರೆ ಅಷ್ಟೇ ಅಂತ ಊರವರು ತಿಳಿದಿದಾರೆ. ತಿಳೀಲಿ.

ವಿಷಯಕ್ಕೆ ಬರ್ತೀನಿ. ನನಗೆ ನಿದ್ದೆ ಬರ್ತಿಲ್ಲ. ತಿಂಗಳಾಯ್ತು. ಮೈ ದಣಿದಿರುತ್ತೆ, ಕಣ್ಣು ಎಳೀತಿರುತ್ತೆ. ಚಾಪೆ ಮೇಲೆ ತಲೆ ಇಟ್ಟೆ ಅಂದ್ರೆ ತಲೆಯೊಳಗೆ ಯಾರೋ ಎದ್ದು ಕೂರ್ತಾರೆ. ಒಂದು ಯೋಚನೆ ಬರುತ್ತೆ. ಅದರ ಬಾಲಕ್ಕೆ ಇನ್ನೊಂದು. ಬೇಲಿ ಸಂದಿಯಲ್ಲಿ ಒಂದು ಕುರಿ ನುಗ್ಗಿದ ಮೇಲೆ ಇಡೀ ಮಂದೆ ನುಗ್ಗುತ್ತಲ್ಲ, ಹಾಗೆ. ಎದೆ ಡವಡವ ಅನ್ನುತ್ತೆ, ಅಂಗೈ ಬೆವರುತ್ತೆ. ಏನು ಯೋಚನೆ ಅಂತ ಕೇಳಬೇಡ. ಯೋಚನೆ, ಅಷ್ಟೆ.

ನಿಮ್ಮ ಚಿನ್ನದ ಗಣಿ ಊರಲ್ಲಿ ದೊಡ್ಡ ಆಸ್ಪತ್ರೆ ಇದೆಯಲ್ಲ. ನಿದ್ದೆಗೆ ಏನಾದ್ರೂ ಗುಳಿಗೆ ಕೊಡ್ತಾರಾ ಕೇಳಿ ಬರಿ. ಯಾರಿಗೆ ಅಂತ ಹೇಳಬೇಡ. ನಿಮ್ಮತ್ತಿಗೆಗೂ ಬರೀಬೇಡ. ಅವಳು ಒಂದು ಊರಿಗೆ ಹೇಳು ಅಂದ್ರೆ ಮೂರು ಊರಿಗೆ ಹೇಳ್ತಾಳೆ.

ಅಂಜಿನಯ್ಯ


ಮಾರಿಕುಪ್ಪಂ
17-1-1955

ಅಣ್ಣಯ್ಯನಿಗೆ ಲಿಂಗಮ್ಮ ಮಾಡುವ ನಮಸ್ಕಾರ.

ಹಬ್ಬಕ್ಕೆ ಕರೆದಿರ್ತೀಯ ಅಂತ ಆಸೆಯಿಂದ ಕಾಗದ ಒಡೆದೆ. ಗುಳಿಗೆ ಕೇಳಿದೀಯ! ನಿನ್ನ ತಂಗಿ ಅಂದ್ರೆ ಏನು, ಕಾಂಪೌಂಡರಾ?

ನಿನಗೆ ನಿದ್ದೆ ಬರದೆ ಇರೋದು ನನಗೆ ಆಶ್ಚರ್ಯ ಇಲ್ಲ. ಕೆಂಗೇರಿ ಸಂತೆಗೆ ಹೋದವನು ಹೋಟೆಲಲ್ಲಿ ಕೂತು ಲೋಟದ ಮೇಲೆ ಲೋಟ ಕಾಫಿ ಇಳಿಸ್ತೀಯಂತೆ. ಇಲ್ಲಿಗೆ ಬರೋ ಬಳೆಗಾರ ಹೇಳಿದ. ಮೊದಲು ಅದು ಬಿಡು. ಅತ್ತಿಗೆ ಹತ್ರ ಜಗಳ ಆಡಿದ್ರೆ ಅದನ್ನೂ ಬಿಡು. ನಿನ್ನ ಬಾಯಿ ನನಗೆ ಗೊತ್ತಿಲ್ವಾ? ಹಗಲೆಲ್ಲ ರೇಗಾಡಿದ್ರೆ ರಾತ್ರಿ ಅದೇ ತಲೆಯಲ್ಲಿ ತಿರುಗುತ್ತೆ.

ಗಸಗಸೆ ಹುರಿದು, ಕಾಯಿ ಹಾಕಿ ನುಣ್ಣಗೆ ರುಬ್ಬಿ, ಬೆಲ್ಲ ಹಾಕಿ ಪಾಯಸ ಮಾಡಿಸ್ಕೊಂಡು ಬಿಸಿಬಿಸಿ ಕುಡಿ. ನೆತ್ತಿಗೆ ಹರಳೆಣ್ಣೆ ತಟ್ಟಿಸ್ಕೋ. ಗುಳಿಗೆ ಗಿಳಿಗೆ ಬೇಡ.

ನಮ್ಮ ಯಜಮಾನರು ಚೆನ್ನಾಗಿದಾರೆ. ಈಗೀಗ ಮನೆಯಲ್ಲೇ ಜಾಸ್ತಿ ಇರ್ತಾರೆ. ನಾನೂ ಚೆನ್ನಾಗಿದೀನಿ.

ನಿನ್ನ ತಂಗಿ
ಲಿಂಗಮ್ಮ


ಮಲ್ಲತ್ತಹಳ್ಳಿ
2-2-1955

ಲಿಂಗಮ್ಮನಿಗೆ,

ಪಾಯಸ ಕುಡಿದೆ. ಎಂಟು ದಿನ ಕುಡಿದೆ. ಎಣ್ಣೆ ತಟ್ಟಿಸ್ಕೊಂಡೆ, ದಿಂಬು ಹಾಳಾಯ್ತು ಅಂತ ನಿಮ್ಮತ್ತಿಗೆ ಹನುಮಕ್ಕನ ಹತ್ರ ಬೈಸ್ಕೊಂಡೆ. ನಿದ್ದೆ ಬಂದಿದ್ದು ಒಂದು ಅರ್ಧ ಗಳಿಗೆ. ನಿನ್ನ ಬಳೆಗಾರನಿಗೆ ಹೇಳು, ನನ್ನ ಕಾಫಿ ಲೋಟ ಎಣಿಸೋದು ಬಿಟ್ಟು ಅವನ ಬಳೆ ಎಣಿಸ್ಕೊಳ್ಳಲಿ.

ಹೇಳಬಾರದು ಅಂತಿದ್ದೆ. ಹೇಳ್ತೀನಿ. ಕಳೆದ ಮಾರ್ಗಶಿರದಲ್ಲಿ ಒಂದು ಸಂಜೆ ಉಣ್ಣೋಕೆ ಕೂತೆ. ತುತ್ತು ಬಾಯಿಗೆ ಇಡುವಾಗ, ತೂಬು ಮುಚ್ಚಿದೆನಾ ಅನ್ನಿಸ್ತು. ನೆನಪು ಬರಲೇ ಇಲ್ಲ. ನಲವತ್ತು ವರ್ಷ ಮಾಡಿದ ಕೆಲಸ ಕಣೇ. ಎದ್ದು ಹೋಗಿ ನೋಡಿದೆ, ಮುಚ್ಚಿತ್ತು. ಬಂದು ಮಲಗಿದೆ. ಸರಿಯಾಗಿ ಕೂತಿದೆಯಾ ಅನ್ನಿಸ್ತು. ಮತ್ತೆ ಹೋದೆ.

ಅವತ್ತಿಂದ ದಿನಾ ಇದೇ. ತೂಬು ಬಿಟ್ಟುಹೋದ್ರೆ ಕೆರೆ ಖಾಲಿ, ಕೆರೆ ಖಾಲಿಯಾದ್ರೆ ಪೈರು ಸುಟ್ಟುಹೋಗುತ್ತೆ, ಪೈರು ಹೋದ್ರೆ ಮಕ್ಕಳು ಮರಿ ಏನು ತಿಂತಾವೆ, ಊರವರು ಬಂದು ಬಾಗಿಲಲ್ಲಿ ನಿಲ್ತಾರೆ. ಮಲಗಿದ ಕಡೆಯೇ ಅವರ ಕಾಲು ಸದ್ದು ಕೇಳುತ್ತೆ. ತಡೆಯೋಕಾಗಲ್ಲ. ಎದ್ದು ಹೋಗಿ ತೂಬಿನ ಗಳ ಹಿಡಿದು, ಅದರ ತುದಿಯಲ್ಲಿ ತೂತು ಮುಚ್ಚೋ ಬಿರಡೆಯನ್ನ ಒಂದು ಗೇಣು ಮೇಲೆತ್ತಿ ಮತ್ತೆ ಬಡಿದು ಕೂರಿಸ್ತೀನಿ. ಆಗ ಎದೆ ತಣ್ಣಗಾಗುತ್ತೆ. ಮನೆ ಬಾಗಿಲಿಗೆ ಬರೋವರೆಗೆ.

ಈಗ ಕೇಳು. ನನ್ನ ಭಯ ಸುಳ್ಳಲ್ಲ. ನೀರು ನಿಜವಾಗಲೂ ಇಳೀತಿದೆ. ಈ ಹೊತ್ತಿಗೆ ಹನ್ನೆರಡು ಗೆರೆ ಇರಬೇಕಿತ್ತು, ಹತ್ತೇ ಇದೆ. ಬೆಳಿಗ್ಗೆ ನೋಡಿದ್ರೆ ಕಾಲುವೆ ಒದ್ದೆ. ಮುಳುಗಿ ಬಿರಡೆ ಮುಟ್ಟಿ ನೋಡಿದೆ. ಸುತ್ತಿದ ಗೋಣಿ ಚಿಂದಿ ಚಿಂದಿ. ಯಾರೋ ಎಳೆದಾಡಿದಾರೆ. ನಾನು ಮುಚ್ಚಿ ಬಂದ ಮೇಲೆ ಯಾವನೋ ತೆಗೀತಿದಾನೆ.

ಯಾರು ಅಂತಲೂ ಗೊತ್ತು. ಕೆರೆ ಏರಿ ಕೆಳಗೆ ರಾಮಯ್ಯ ಅಂತ ಒಬ್ಬ ಇಟ್ಟಿಗೆ ಸುಡೋನು ಬಂದು ಗುಡಿಸಲು ಹಾಕಿದಾನೆ. ರಾಜಾಜಿನಗರದಲ್ಲಿ ಸಾಲು ಸಾಲು ಮನೆ ಕಟ್ತಿದಾರಲ್ಲ, ಗಾಡಿಗಟ್ಟಲೆ ಅಲ್ಲಿಗೆ ಹೊಡೀತಾನೆ. ನಿನ್ನೆ ಹೋಗಿ ನಿಂತೆ.

'ಏನೋ, ಇಷ್ಟು ಮಣ್ಣು ಕಲಸೋಕೆ ನೀರು ಎಲ್ಲಿಂದ ಬಂತು?'

'ನಿಮ್ಮ ಕೆರೆಯಿಂದಲೇ ಸ್ವಾಮಿ. ನನ್ನ ಹೆಂಡ್ತಿ ಸೊಂಟದ ಮೇಲೆ, ಕೊಡದಲ್ಲಿ ಬಂತು. ಕೊಡಕ್ಕೂ ಒಂದು ಬಿರಡೆ ಹಾಕ್ತೀರಾ?'

ಹಲ್ಲು ಕಿಸೀತಾನೆ. ಅವನ ಕೊಬ್ಬು ಇಳಿಸ್ತೀನಿ ನೋಡ್ತಿರು.

ಅಂಜಿನಯ್ಯ


ಮಾರಿಕುಪ್ಪಂ
10-2-1955

ಅಣ್ಣಯ್ಯನಿಗೆ,

ಕಾಗದ ಓದಿ ನನಗೂ ಆ ರಾತ್ರಿ ನಿದ್ದೆ ಬರಲಿಲ್ಲ.

ರಾಮಯ್ಯ ತೂಬು ತೆಗೆದಿದ್ದನ್ನ ನೀನು ನೋಡಿದೆಯಾ? ರಾತ್ರಿಯೆಲ್ಲ ನೀನೇ ಅಲ್ಲಿ ಓಡಾಡ್ತಿದ್ರೆ ಅವನು ಯಾವಾಗ ತೆಗೀತಾನೆ? ಸಿಟ್ಟಲ್ಲಿ ಯಾರ ಹತ್ರಾನೂ ಅವನ ಹೆಸರು ಹೇಳಬೇಡ. ಕೈಮುಗೀತೀನಿ.

ಇನ್ನೊಂದು ಮಾತು. ನನಗೆ ಸಣ್ಣದಾಗಿ ನೆನಪು. ಏರಿ ಮೇಲೆ ಕತ್ತಲಲ್ಲಿ ಲಾಟೀನು ಹೋಗೋದು, ಬರೋದು, ಹೋಗೋದು. ಅವ್ವ ನನ್ನ ತಲೆ ಸೆರಗಲ್ಲಿ ಮುಚ್ಚಿ ಮಲಗು ಅಂತಿದ್ದಳು. ಅದು ಅಪ್ಪ ಅಲ್ವಾ? ಅಪ್ಪನಿಗೂ ಹೀಗೇ ಆಗ್ತಿತ್ತಾ?

ಲಿಂಗಮ್ಮ


ಮಲ್ಲತ್ತಹಳ್ಳಿ
14-2-1955
(ಕಾರ್ಡು)

ಅಪ್ಪನ ಮಾತು ಎತ್ತಬೇಡ. ಅಪ್ಪ ಜ್ವರದಲ್ಲಿ ಹೋದ. ನಿನಗೆ ಆಗ ಆರು ವರ್ಷ, ನಿನಗೇನು ನೆನಪು. ಪಟೇಲ್ ಚನ್ನಮಲ್ಲಪ್ಪನವರಿಗೆ ಹೇಳಬೇಕಾದ್ದು ಹೇಳಿ ಆಯ್ತು. ಇನ್ನು ನನಗೆ ಬುದ್ಧಿ ಹೇಳೋಕೆ ಕಾಗದ ದಂಡ ಮಾಡಬೇಡ.

ಅಂ.


ಮಾರಿಕುಪ್ಪಂ
25-2-1955

ಅಣ್ಣಯ್ಯನಿಗೆ,

ನಿನ್ನ ಕಾರ್ಡು ಪೋಸ್ಟಿನವನು ಓದಿ, ನಮ್ಮ ಸಾಲುಮನೆಯವರೆಲ್ಲ ಓದಿ, ಆಮೇಲೆ ನನ್ನ ಕೈಗೆ ಬಂತು. ಒಂದು ವಾರ ಸಿಟ್ಟಲ್ಲಿದ್ದೆ. ಬರೆಯೋದೇ ಬೇಡ ಅಂತಿದ್ದೆ. ಆದರೆ ನಿನಗೆ ಒಂದು ಸುಳ್ಳು ಬರೆದಿದ್ದೆ, ಅದು ಹೊಟ್ಟೆಯಲ್ಲಿ ಕೂತು ಒದೀತಿದೆ.

ನಮ್ಮ ಯಜಮಾನರು ಚೆನ್ನಾಗಿಲ್ಲ. ದೀಪಾವಳಿ ಆದ ಮೇಲೆ ಎದೆನೋವು ಬಂತು. ಕೆಲಸಕ್ಕೆ ಹೋಗ್ತಿಲ್ಲ. ಡಾಕ್ಟರು, ವಿಶ್ರಾಂತಿ ತಗೊಳ್ಳಲಿ, ರಾತ್ರಿ ಚೆನ್ನಾಗಿ ನಿದ್ದೆ ಮಾಡಲಿ, ಸರಿಹೋಗ್ತಾರೆ ಅಂದರು. ನಾನೇನು ಮಾಡಿದೆ ಕೇಳು. ದೀಪ ಆರಿಸಿ ಮಲಗಿದ ಕೂಡಲೇ, ಉಸಿರಾಡ್ತಿದಾರಾ ಅನ್ನಿಸ್ತು. ಎದೆ ಮೇಲೆ ಕೈ ಇಟ್ಟು ನೋಡಿದೆ. ಆಡ್ತಿತ್ತು. ಕೈ ತೆಗೆದೆ. ತೆಗೆದ ಮೇಲೆ ನಿಂತುಹೋಯ್ತಾ ಅನ್ನಿಸ್ತು. ಮತ್ತೆ ಇಟ್ಟೆ. ಮೂಗಿನ ಹತ್ರ ಬೆರಳು. ಸದ್ದು ಕೇಳದೆ ಇದ್ರೆ ಮೆಲ್ಲಗೆ ಅಲುಗಿಸೋದು. ಎರಡು ತಿಂಗಳು ಹೀಗೆ ಮಾಡಿದೀನಿ. ಮೊನ್ನೆ ಅವರು ಎದ್ದು ಕೂತು ಅತ್ತುಬಿಟ್ಟರು. 'ಲಿಂಗಾ, ನನ್ನ ಕಾಯಿಲೆ ನನ್ನ ಕೊಲ್ಲಲ್ಲ ಕಣೇ. ನೀನು ಮಲಗೋಕೆ ಬಿಡ್ತಿಲ್ಲ' ಅಂದರು. ಆ ಗಂಡಸು ಅತ್ತಿದ್ದನ್ನ ನಾನು ಇದುವರೆಗೂ ನೋಡಿರಲಿಲ್ಲ.

ಉಳೀಲಿ ಅಂತ ಮುಟ್ಟಿ ಮುಟ್ಟಿ ನಾನೇ ಅವರ ನಿದ್ದೆ ತಿಂದೆ.

ಆಗ ನಿನ್ನ ಕಾಗದ ತೆಗೆದು ಮತ್ತೆ ಓದಿದೆ. 'ಒಂದು ಗೇಣು ಮೇಲೆತ್ತಿ ಮತ್ತೆ ಬಡಿದು ಕೂರಿಸ್ತೀನಿ' ಅಂತ ಬರೆದಿದೀಯ. ಅಣ್ಣಯ್ಯ, ನಾನೂ ನೀರುಗಂಟಿ ಮಗಳೇ. ಜೇಡಿಮಣ್ಣು ಮೆತ್ತಿ ಕೂರಿಸಿದ ಬಿರಡೆ ಮತ್ತೆ ಮುಟ್ಟಿದ್ರೆ ಅಪ್ಪ ನಿನಗೆ ಹುಣಸೆ ಬರಲಲ್ಲಿ ಬಾರಿಸ್ತಿದ್ದನಂತೆ. ಎತ್ತಿದ ಕೂಡಲೇ ಮಣ್ಣು ತೊಳೆದುಹೋಗುತ್ತೆ, ಬೆಳಗಿನವರೆಗೆ ಸೋರುತ್ತೆ ಅಂತ. ನೀನು ರಾತ್ರಿಗೆ ಎಷ್ಟು ಸಲ ಹೋಗ್ತೀಯ? ನಿನ್ನ ಲೆಕ್ಕ ನನಗೆ ಬೇಡ. ಅತ್ತಿಗೆಯನ್ನ ಕೇಳು. ಪಕ್ಕದಲ್ಲಿ ಮಲಗಿದವಳಿಗೆ ಗೊತ್ತಿರುತ್ತೆ.

ಬೈಯೋದಿದ್ರೆ ಕಾರ್ಡಲ್ಲಿ ಬೈಬೇಡ. ಕವರಲ್ಲಿ ಬೈ.

ಲಿಂಗಮ್ಮ


ಮಲ್ಲತ್ತಹಳ್ಳಿ
6-3-1955

ಲಿಂಗಮ್ಮನಿಗೆ,

ಕವರಲ್ಲೇ ಹಾಕಿದೀನಿ. ಓದಿ ಒಲೆಗೆ ಹಾಕು.

ನಿನ್ನ ಕಾಗದ ಓದಿ ಮೊದಲು ಹರಿದು ಬಿಸಾಕಿದೆ. ತೂಬಿನ ವಿಷಯ ನನಗೆ ಹೇಳೋಕೆ ಬರ್ತಾಳೆ ಅಂತ. ಆಮೇಲೆ ಚೂರು ಆರಿಸಿ ಜೋಡಿಸಿ ಓದಿದೆ. ಸಂಜೆ ಹನುಮಕ್ಕ ರಾಗಿ ಬೀಸ್ತಿದ್ದಳು. ಕೇಳಿದೆ.

'ನಾನು ರಾತ್ರಿ ಎಷ್ಟು ಸಲ ಏಳ್ತೀನಿ?'

ಬೀಸೋ ಕೈ ನಿಂತಿತು. 'ಯಾವ ರಾತ್ರಿ?'

'ನಿನ್ನೆ.'

'ಹನ್ನೊಂದು ಸಲ.'

'ಬಾಯಿಗೆ ಬಂದಿದ್ದು ಹೇಳಬೇಡ. ಮೂರು ಸಲ ಎದ್ದಿರಬಹುದು.'

'ಹನ್ನೊಂದು. ಮೊನ್ನೆ ಒಂಬತ್ತು. ನಾನು ಕಣ್ಣು ಮುಚ್ಚಿರ್ತೀನಿ, ನಿದ್ದೆ ಮಾಡಿರಲ್ಲ. ನೀವು ವಾಪಸ್ ಬಂದ ಹೆಜ್ಜೆ ಕೇಳಿಸೋವರೆಗೆ ಉಸಿರು ಬಿಗಿಹಿಡಿದು ಮಲಗಿರ್ತೀನಿ. ಹೇಳಿದ್ರೆ ಹೊಡೀತೀರೇನೋ ಅಂತ ಹೇಳಲಿಲ್ಲ.'

ನಾನು ಮೂರು ಸಲ ಅಂದ್ಕೊಂಡಿದ್ದೆ ಕಣೇ. ಉಳಿದ ಎಂಟು ಸಲ ಎಲ್ಲಿ ಹೋದವು? ಹೋಗಿದೀನಿ, ನೀರಲ್ಲಿ ನಿಂತಿದೀನಿ, ಬಿರಡೆ ಎತ್ತಿದೀನಿ, ಒಂದೂ ನೆನಪಿಲ್ಲ.

ನೀರು ಕದ್ದವನು ನಾನು. ಗೋಣಿ ಚಿಂದಿ ಮಾಡಿದವನು ನಾನು. ನೀರು ಇಳೀತು ಅಂತ ಹೆದರಿ ಇನ್ನೂ ಎರಡು ಸಲ ಹೋಗಿ, ಇನ್ನಷ್ಟು ಇಳಿಸಿದವನೂ ನಾನೇ. ಬೇರೆ ಯಾವನಾದ್ರೂ ಹೀಗೆ ಮಾಡಿದ್ರೆ ಕಪಾಳಕ್ಕೆ ಎರಡು ಬಿಡ್ತಿದ್ದೆ. ಈಗ ಏಳೂವರೆ ಗೆರೆ ಇದೆ. ಕಾಲುವೆ ತುದಿಯಲ್ಲಿರೋ ಕಡೆ ಗದ್ದೆಗಳಿಗೆ ಇನ್ನು ನೀರು ಹತ್ತಲ್ಲ.

ರಾಮಯ್ಯನ ಹೆಸರು ಪಟೇಲರಿಗೆ ಹೇಳಿದ್ದು ನಾನು. 'ಕಣ್ಣಾರೆ ನೋಡಿದೀನಿ' ಅಂದೆ. ನೋಡಿರಲಿಲ್ಲ. ಹೋದ ವಾರ ನಾಲ್ಕು ಜನ ಹೋಗಿ ಅವನ ಹಸಿ ಇಟ್ಟಿಗೆ ಸಾಲು ತುಳಿದು ಬಂದರು. ಹನ್ನೆರಡನೇ ತಾರೀಕು ಚಾವಡಿಯಲ್ಲಿ ನ್ಯಾಯ. ಗುಡಿಸಲು ಕಿತ್ತು ಊರು ಬಿಡಿಸ್ತಾರೆ. ನಾನು ಬಾಯಿ ಬಿಟ್ಟಿಲ್ಲ.

ಯಾಕೆ ಬಿಟ್ಟಿಲ್ಲ ಅಂತ ಕೇಳ್ತೀಯ. ಕೆಲಸ ಹೋಗುತ್ತೆ ಅಂತ ಅಲ್ಲ. ಅಪ್ಪ ಜ್ವರದಲ್ಲಿ ಹೋಗಲಿಲ್ಲ. ಸುಳ್ಳು ಹೇಳಿದ್ವಿ. ಅಪ್ಪನಿಗೂ ಹೀಗೇ ಶುರುವಾಗಿದ್ದು. ರಾತ್ರಿ ಏರಿ ಮೇಲೆ ಓಡಾಟ, ಹಗಲು ಯಾರ ಹತ್ರಾನೂ ಮಾತಿಲ್ಲ. ಒಂದು ಬೆಳಿಗ್ಗೆ ತೂಬಿನ ಕಲ್ಲಿನ ಮೇಲೆ ಲಾಟೀನು ಮಾತ್ರ ಇತ್ತು, ಉರೀತಾ ಇತ್ತು. ಅಪ್ಪನನ್ನ ಮಧ್ಯಾಹ್ನ ನೀರಿಂದ ತೆಗೆದ್ವಿ. ಕಾಲು ಜಾರಿತೋ, ತಾನೇ ಇಳಿದನೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಊರವರು ಹುಚ್ಚು ಅಂದರು. ನಾನು ಚಾವಡಿಯಲ್ಲಿ ಎದ್ದು ನಿಂತು ಹೇಳಿದ್ರೆ, ಅಪ್ಪನ ಹಾದಿ ಹಿಡಿದ ಅಂತಾರೆ. ಅವರ ಬಾಯಲ್ಲಿ ಬಂದ ಮೇಲೆ ಅದು ನಿಜವಾಗಿಬಿಡುತ್ತೇನೋ ಅನ್ನೋ ಭಯ ನನಗೆ. ನೀರಲ್ಲಿ ಸೊಂಟದವರೆಗೆ ನಿಂತಾಗ ಕತ್ತಲಲ್ಲಿ ಅಪ್ಪ ಪಕ್ಕದಲ್ಲೇ ನಿಂತ ಹಾಗಿರುತ್ತೆ. ಅರವತ್ತೊಂದು ವರ್ಷದ ಮುದುಕ, ಹೆದರಿ ಸಾಯ್ತಿದೀನಿ ಲಿಂಗಿ.

ಏನು ಮಾಡಲಿ ಅಂತ ಕೇಳ್ತಿಲ್ಲ. ಹೇಳಿದೆ, ಅಷ್ಟೆ.

ಅಣ್ಣ


ಮಾರಿಕುಪ್ಪಂ
10-3-1955

ಅಣ್ಣಯ್ಯ,

ಇದು ಹನ್ನೆರಡಕ್ಕೆ ಮುಂಚೆ ನಿನ್ನ ಕೈ ಸೇರುತ್ತೋ ಇಲ್ಲವೋ. ಇವರನ್ನ ಬಿಟ್ಟು ಬರೋ ಹಾಗಿಲ್ಲ, ಇಲ್ಲದಿದ್ರೆ ರೈಲು ಹತ್ತಿರ್ತಿದ್ದೆ.

ಜ್ವರ ಅಲ್ಲ ಅಂತ ನನಗೆ ಆಗಲೇ ಗೊತ್ತಿತ್ತು. ಅಪ್ಪನನ್ನ ಅಂಗಳದಲ್ಲಿ ಮಲಗಿಸಿದಾಗ ಪಂಚೆಯಿಂದ ನೀರು ಹರೀತಿತ್ತು. ನಾನು ಬಾಗಿಲ ಹಿಂದೆ ನಿಂತಿದ್ದೆ. ಜ್ವರ ಅಂತ ನೀನು ಹೇಳುವಾಗ ನಿನ್ನ ಮುಖ ಹೇಗಿತ್ತು ಅಂದ್ರೆ, ನಂಬದೆ ಇದ್ರೆ ನೀನೂ ಬಿದ್ದುಹೋಗ್ತೀಯ ಅನ್ನಿಸ್ತು. ಅದಕ್ಕೇ ನಂಬಿದೆ. ಇಷ್ಟು ವರ್ಷ ನಂಬಿದ ಹಾಗೇ ಇದ್ದೆ.

ಅಪ್ಪ ಯಾರಿಗೂ ಹೇಳಲಿಲ್ಲ. ಅವ್ವನಿಗೂ ಹೇಳಲಿಲ್ಲ. ನೀನು ನನಗೆ ಹೇಳಿದೀಯ. ನೀನು ಅಪ್ಪ ಅಲ್ಲ.

ಚಾವಡಿಯಲ್ಲಿ ಹೇಳಿಬಿಡು. ಹೇಳದೆ ಇದ್ರೆ ಪಟೇಲರಿಗೆ ನಾನೇ ಬರೀತೀನಿ, ಆಮೇಲೆ ನನ್ನ ಮುಖ ನೋಡದೆ ಇದ್ರೂ ಸರಿ. ರಾತ್ರಿ ಒಬ್ಬನೇ ಏರಿ ಹತ್ತಬೇಡ. ಯೋಚನೆ ಬಂದ್ರೆ ಬರಲಿ, ಕಾಲು ಮಾತ್ರ ಚಾಪೆ ಬಿಡದೆ ಇರಲಿ. ನಾನು ಕೈಯನ್ನ ನನ್ನ ಬೆನ್ನ ಕೆಳಗೆ ಇಟ್ಕೊಂಡು ಮಲಗ್ತೀನಿ ಈಗ. ಮೊದಲ ರಾತ್ರಿ ಸತ್ತೇಹೋಗ್ತೀನಿ ಅನ್ನಿಸ್ತು. ಎರಡನೇ ರಾತ್ರಿಯೂ ಅನ್ನಿಸ್ತು. ಆದ್ರೆ ಅವರು ನಿದ್ದೆ ಮಾಡಿದರು.

ಲಿಂಗಿ


ಮಲ್ಲತ್ತಹಳ್ಳಿ
14-3-1955

ಲಿಂಗಮ್ಮನಿಗೆ,

ನಿನ್ನ ಕಾಗದ ಇವತ್ತು ಬಂತು. ನ್ಯಾಯ ಮೊನ್ನೆಯೇ ಮುಗೀತು. ಹಾಗಾಗಿ ಪಟೇಲರಿಗೆ ಬರೀತೀನಿ ಅನ್ನೋ ನಿನ್ನ ಬೆದರಿಕೆ ದಂಡ.

ಚಾವಡಿಯಲ್ಲಿ ಇಡೀ ಊರು ಸೇರಿತ್ತು. ರಾಮಯ್ಯ ಒಂದು ಕಂಬಕ್ಕೆ ಒರಗಿ ಕುಕ್ಕರಗಾಲಲ್ಲಿ ಕೂತಿದ್ದ. ಹೆಂಡ್ತಿ ಆಗಲೇ ಗಂಟು ಕಟ್ಕೊಂಡು ಹೊರಗೆ ನಿಂತಿದ್ದಳು. ಅವನು ನನ್ನ ಕಡೆ ನೋಡಲೇ ಇಲ್ಲ. ಪಟೇಲರು ಎಲೆ ಅಡಿಕೆ ಹಾಕ್ಕೊಂಡು, 'ಅಂಜಿನಯ್ಯ, ನೀನು ಕಣ್ಣಾರೆ ನೋಡಿದ್ದನ್ನ ಹೇಳು, ಮುಗಿಸೋಣ' ಅಂದರು.

ಎದ್ದೆ.

'ನಾನು ನೋಡಿಲ್ಲ.'

'ಮತ್ತೆ ಅವತ್ತು ನೋಡಿದೆ ಅಂದ್ಯಲ್ಲ?'

'ಸುಳ್ಳು ಹೇಳಿದ್ದೆ. ನೀರು ಬಿಟ್ಟಿದ್ದು ನಾನು.'

ಯಾವನೋ ನಕ್ಕ. ಪಟೇಲರು ಅಗಿಯೋದು ನಿಲ್ಲಿಸಿದರು. 'ಏನಯ್ಯ, ನಿದ್ದೆಗಣ್ಣಲ್ಲಿ ಬಂದಿದೀಯಾ?'

'ನಿದ್ದೆ ಇದ್ದಿದ್ರೆ ಇದೆಲ್ಲ ಆಗ್ತಿರಲಿಲ್ಲ ಬುದ್ಧಿ' ಅಂದೆ. ಎಲ್ಲ ಹೇಳಿದೆ. ಹನ್ನೊಂದು ಸಲ ಅನ್ನೋದನ್ನೂ ಹೇಳಿದೆ.

ಕಡೆ ಗದ್ದೆಯ ಅಕ್ಕಯ್ಯಮ್ಮ ಎದ್ದು, 'ನಿನ್ನ ನಿದ್ದೆಗೆ ಬೆಂಕಿ ಬೀಳ, ನನ್ನ ಪೈರಿಗೆ ಏನು ಹೇಳ್ತೀಯೋ?' ಅಂತ ಮಣ್ಣು ಬಾಚಿ ನನ್ನ ಕಡೆ ಎಸೆದಳು. ಹಿಂದಿನಿಂದ ಒಬ್ಬ ಅಂದ: 'ಅಪ್ಪನ ಹಾದಿ ಹಿಡಿದ ಬಿಡು.' ಅದೇ ಮಾತು. ಅಕ್ಷರ ಬದಲಾಗದೆ ಬಂತು. ಕಿವಿಯೊಳಗೆ ಗುಂಯ್ ಅಂತು. ಆದ್ರೆ ನಾನು ನಿಂತ ಕಡೆಯೇ ನಿಂತಿದ್ದೆ ಲಿಂಗಿ. ಬೀಳಲಿಲ್ಲ.

ತೀರ್ಪು ಇಷ್ಟು: ಈ ಸಲ ಕಣದಲ್ಲಿ ನನಗೆ ಬರೋ ಭತ್ತದ ಪಾಲು ಕಡೆ ಗದ್ದೆಯವರಿಗೆ. ಹಗಲು ತೂಬು ನಾನೇ ನೋಡ್ಕೋಬೇಕು, ಬೇರೆ ಯಾರಿಗೂ ಮುಳುಗಿ ಬಿರಡೆ ಕೂರಿಸೋಕೆ ಬರಲ್ಲ. ದೀಪ ಹಚ್ಚಿದ ಮೇಲೆ ಏರಿ ಹತ್ತಿದ್ರೆ ಕಾಲು ಮುರೀತೀನಿ ಅಂದರು ಪಟೇಲರು. ಮುರಿಯೋರೇ ಅವರು.

ರಾಮಯ್ಯನ ಹತ್ರ ಹೋದೆ. ತಪ್ಪಾಯ್ತಪ್ಪ ಅಂದೆ. 'ಈಗಿರೋ ಇಟ್ಟಿಗೆ ಗೂಡು ಸುಟ್ಟು ಮುಗಿಸ್ತೀನಿ. ಆಮೇಲೆ ಮಾರೇನಹಳ್ಳಿ ಕಡೆ ಹೋಗ್ತೀನಿ. ಅಲ್ಲಿ ನೀರುಗಂಟಿ ಇಲ್ವಂತೆ' ಅಂದ. ನಗಲಿಲ್ಲ. ತುಳಿದ ಇಟ್ಟಿಗೆಗೆ ಮತ್ತೆ ಮಣ್ಣು ಕಲಸೋಕೆ ನಾನೂ ಹನುಮಕ್ಕನೂ ಹೋಗಿದ್ವಿ. ಬೇಡ ಅನ್ನಲಿಲ್ಲ, ಬಾ ಅನ್ನಲೂ ಇಲ್ಲ. ಅವನ ಹೆಂಡ್ತಿ ಮಾತ್ರ ಹನುಮಕ್ಕನಿಗೆ ಒಂದು ಚೊಂಬು ನೀರು ಕೊಟ್ಟಳು.

ಈಗ ನಿನ್ನೆ ರಾತ್ರಿಯ ವಿಷಯ. ಸಂಜೆ ಹೊಸ ಗೋಣಿ ಸುತ್ತಿ, ಮಣ್ಣು ಮೆತ್ತಿ ಕೂರಿಸಿ ಬಂದೆ. ಹನುಮಕ್ಕ ಜೊತೆಗೆ ಬಂದು ದಡದಲ್ಲಿ ನಿಂತು ನೋಡಿದ್ದಾಳೆ. ಮಲಗಿದೆ. ಬಂತು. ತೂಬು ಮುಚ್ಚಿದೆನಾ? ಮುಚ್ಚಿದೀನಿ. ಹನುಮಕ್ಕ ನೋಡಿದಾಳೆ. ಅವಳು ಸರಿಯಾಗಿ ನೋಡಿದಳಾ? ಇದುವರೆಗೆ ಬಂದಿದ್ದೆಲ್ಲ ಸುಳ್ಳಿರಬಹುದು, ಇವತ್ತಿಂದು ನಿಜ ಆಗಿದ್ರೆ? ಇಷ್ಟೆಲ್ಲ ಆದ ಮೇಲೆ ಇವತ್ತೇ ಬಿಟ್ಟುಹೋದ್ರೆ ಊರು ಉಳಿಸುತ್ತಾ ನನ್ನ? ನೀರು ಹರಿಯೋ ಸದ್ದು ಕೇಳ್ತು ಕಣೇ. ಆಣೆ ಮಾಡಿ ಹೇಳ್ತೀನಿ, ಕೇಳ್ತು. ಹಲ್ಲು ಕಟಕಟ ಅಂತಿತ್ತು. ಚಳಿ ಇರಲಿಲ್ಲ.

'ಎದ್ರಾ?' ಅಂದಳು ಹನುಮಕ್ಕ ಕತ್ತಲಲ್ಲಿ.

'ಇಲ್ಲ.'

'ಹೋಗ್ತೀರಾ?'

'ಮಲಗೇ ಸುಮ್ನೆ.'

ಅವಳು ಮಲಗಿದಳು. ಸ್ವಲ್ಪ ಹೊತ್ತಿಗೆ ಗೊರಕೆ ಹೊಡೆದಳು. ಮೂರು ತಿಂಗಳಲ್ಲಿ ಮೊದಲ ಸಲ ಅಂತ ಕಾಣುತ್ತೆ. ನಾನು ಚಾಪೆಯ ಎರಡು ಅಂಚನ್ನೂ ಬಿಗಿಯಾಗಿ ಹಿಡ್ಕೊಂಡಿದ್ದೆ.

ನಿನ್ನ ಯಜಮಾನರಿಗೆ ಹೇಗಿದೆ ಅಂತ ಬರಿ. ಇನ್ನು ಸುಳ್ಳು ಬರೀಬೇಡ, ನಾನೂ ಬರೆಯಲ್ಲ. ಹುಷಾರಾದೆ ಅಂತ ನಾನು ಹೇಳಲ್ಲ. ಭಯ ಹೋಗಿಲ್ಲ. ಇವತ್ತು ರಾತ್ರಿ ಮತ್ತೆ ಬರುತ್ತೆ, ಅದೂ ಗೊತ್ತು.

ಬೆಳಗಿನವರೆಗೂ ನಿದ್ದೆ ಬರಲಿಲ್ಲ. ಎದ್ದೂ ಹೋಗಲಿಲ್ಲ.

ಅಣ್ಣ
ಅಂಜಿನಯ್ಯ